ಕುಂಕುಮ ಹತ್ತಿದ ಪುಸ್ತಕ

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಹೆಬ್ಬಾಳದ ಪಕ್ಕದ ಕೆಂಪಾಪುರದಲ್ಲಿ ನಮ್ಮ ಮನೆ. ನನಗೆ ಎರಡು ಎಮ್ಮೆ, ಮೂರನೇ ಕ್ಲಾಸಿನ ಒಬ್ಬಳು ಮೊಮ್ಮಗಳು. ನಾನು ಆರು ತಿಂಗಳು ಸ್ಕೂಲಿಗೆ ಹೋಗಿ ಆಮೇಲೆ ಎಮ್ಮೆ ಹಿಂದೆ ಹೋದವಳು. ಕಲಿತಿದ್ದ ನಾಲ್ಕಕ್ಷರವೂ ಮರೆತುಹೋಗಿತ್ತು.

ಮೊಮ್ಮಗಳಿಗೆ ಹೆಬ್ಬಾಳದ ಲೈಬ್ರರಿಯಲ್ಲಿ ಕಾರ್ಡು ಆಯಿತು ನೋಡಿ, ನಮ್ಮ ಮನೆಗೇ ಕಳೆ ಬಂತು. ಸಂಜೆ ನಾನು ಹಾಲು ಕರೆಯುವಾಗ ಅವಳು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತು ಕಥೆ ಓದುವಳು. ಕಥೆ ಬಿಗಿಯಾದರೆ ನನ್ನ ಕೈ ನಿಂತುಬಿಡುತ್ತಿತ್ತು, ಎಮ್ಮೆ ಕಾಲು ಝಾಡಿಸುತ್ತಿತ್ತು.

ಆಯುಧಪೂಜೆ ಬಂತು. ಕುಡುಗೋಲು, ಹಾಲಿನ ಕ್ಯಾನು ತೊಳೆದಿಟ್ಟೆ. ಪುಸ್ತಕವೂ ಸರಸ್ವತಿಯಲ್ಲವೇ ಎಂದು ಲೈಬ್ರರಿ ಪುಸ್ತಕವನ್ನೂ ನಡುವೆ ಇಟ್ಟು, ರಟ್ಟಿಗೆ ವಿಭೂತಿ ಎಳೆದು, ಒದ್ದೆ ಕುಂಕುಮದ ದೊಡ್ಡ ಬೊಟ್ಟು ಇಟ್ಟೆ. ನೋಡಿದವಳೇ ಮೊಮ್ಮಗಳು ಅಳತೊಡಗಿದಳು. ಪುಸ್ತಕ ಗಲೀಜು ಮಾಡಿದವರ ಕಾರ್ಡು ಕಿತ್ತುಕೊಳ್ಳುತ್ತಾರಂತೆ. ಒರೆಸಿದಷ್ಟೂ ಕೆಂಪು ಹರಡಿತು.

ಹಬ್ಬ ಕಳೆದ ಮೇಲೆ ನಾನೇ ಅವಳ ಜೊತೆ ಹೊರಟೆ. ಲೈಬ್ರರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ. ಮೇಜಿನ ಹಿಂದೆ ಕೂತಿದ್ದ ಲೈಬ್ರರಿಯವರು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೊಮ್ಮಗಳು ನನ್ನ ಸೆರಗಿನ ಹಿಂದೆ ಸೇರಿಕೊಂಡಳು.

"ತಪ್ಪು ನಂದು ಸ್ವಾಮಿ. ಮಗೀನ ಕಾರ್ಡು ಕಿತ್ಕೋಬ್ಯಾಡಿ," ಎಂದೆ.

"ಪೂಜೆ ಮಾಡಿದ್ರಿ, ಸರಿ. ಒಳಗೇನಿದೆ ಗೊತ್ತಾ ಅಜ್ಜಿ?"

ಗೊತ್ತಿಲ್ಲದೆ ಏನು! ಕೆರೆ ದಾಟಲು ಹೊರಟ ಆಮೆಯ ಕಥೆಯನ್ನು ಮೊದಲಿಂದ ಶುರುಮಾಡಿದೆ. ಪೇಪರ್ ಓದುತ್ತಿದ್ದವರೂ ತಲೆ ಎತ್ತಿದರು. ಆಮೆ ದಡ ಸೇರುವ ಹೊತ್ತಿಗೆ ಲೈಬ್ರರಿಯವರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

"ಇವಳ ಕಾರ್ಡ್ ಎಲ್ಲೂ ಹೋಗಲ್ಲ. ನೀವೂ ಒಂದು ಮಾಡಿಸ್ಕೊಳ್ಳಿ. ಆದ್ರೆ ಹೆಬ್ಬೆಟ್ಟು ಬೇಡ, ಸೈನ್ ಕಲ್ತು ಬನ್ನಿ," ಎಂದು ಫಾರಂ ಕೊಟ್ಟರು.

ಹಾದಿಯುದ್ದಕ್ಕೂ ಮೊಮ್ಮಗಳು ಕುಣಿದಳು. ನನ್ನ ಕಾಲೂ ನೆಲದ ಮೇಲಿರಲಿಲ್ಲ. ಕೊಟ್ಟಿಗೆಯ ಗೋಡೆಗೆ ಇದ್ದಿಲಿನಲ್ಲಿ ನನ್ನ ಹೆಸರು ಬರೆದುಕೊಟ್ಟಳು. ಅದರ ಕೆಳಗೆ ನಾನು ಬರೆದೆ, ಒರೆಸಿದೆ, ಮತ್ತೆ ಬರೆದೆ.

"ಅಷ್ಟುದ್ದ ಬಾಲ ಎಮ್ಮೆಗಿರ್ತದೆ ಕಣಜ್ಜಿ, ಅಕ್ಷರಕ್ಕಲ್ಲ," ಎಂದು ಗದರುವಳು. ನಗುತ್ತಾ ನಿಂತಿದ್ದ ಅವಳಮ್ಮ, ನನ್ನ ಸೊಸೆ, ಎರಡನೇ ದಿನ ಪಾತ್ರೆ ಬಿಟ್ಟು ಬಂದು ತನ್ನ ಹೆಸರನ್ನೂ ಬರೆಸಿಕೊಂಡಳು.

ಹದಿನೈದು ದಿನಕ್ಕೆ ಕೈ ಕುದುರಿತು. ಲೈಬ್ರರಿಯವರ ಎದುರೇ ಫಾರಂ ಮೇಲೆ ಸೈನ್ ಹಾಕಿದೆ. ಅದು ಗೆರೆ ದಾಟಿ ಹೋಯಿತು, ಹೋಗಲಿ! ಕಾರ್ಡು ಕೈಗಿಟ್ಟು, ಯಾವ ಪುಸ್ತಕ ಬೇಕೆಂದು ಕೇಳಿದರು.

"ಆ ಕುಂಕುಮದ್ದೇ ಕೊಡಿ ಸ್ವಾಮಿ. ಕತೆ ನಂಗೊತ್ತು, ಅಕ್ಸರ ನಾನೇ ಉಡುಕ್ಕೋತೀನಿ."