ಗುಡೇಕೋಟೆಯ ಬಾವಿ ಮತ್ತು ನಾನು ಕಸಿದುಕೊಂಡ ದೆವ್ವದ ಪುಸ್ತಕಗಳು

ಮಾರಕ್ಕ, ನಿನ್ನ ತಂದೆಯ ಸಾವನ್ನು ಮುಚ್ಚಿಹಾಕಿದವರಲ್ಲಿ ನಾನೂ ಒಬ್ಬಳು. ಗೊತ್ತಿಲ್ಲದೆ ಹಾಗಾಯಿತು ಎಂದು ಬರೆದಿದ್ದೆ — ಹೊಡೆದುಹಾಕಿದೆ. ಗೊತ್ತುಮಾಡಿಕೊಳ್ಳುವ ಮನಸ್ಸೇ ನನಗಿರಲಿಲ್ಲ.

ಆಗ ನಾನು ಕೂಡ್ಲಿಗಿ ಸೀಮೆಯಲ್ಲಿ ಮೂಢನಂಬಿಕೆಯ ವಿರುದ್ಧ ಊರೂರು ತಿರುಗುತ್ತಿದ್ದೆ. ದೆವ್ವವಿದೆಯೆಂದು ಜನ ಹೆದರುವ ಜಾಗದಲ್ಲೇ ಎಲ್ಲರೆದುರು ಕುಳಿತು, ತಿಂದು ಎದ್ದುಬರುವುದು ನಮ್ಮ ಬಳಗದ ಪದ್ಧತಿ. ಗುಡೇಕೋಟೆಯ ಧಣಿ ನಮ್ಮನ್ನು ಕರೆಸಿದ. ಅವನ ಹೊಲದಲ್ಲಿ ಬಾವಿ ತೋಡಲು ಹೋದ ನಿನ್ನಪ್ಪ ಓಬಣ್ಣ ಮನೆಗೆ ಮರಳಿರಲಿಲ್ಲ. ದುಡಿಯಲು ಗೋವಾಕ್ಕೆ ಓಡಿಹೋದನೆಂದು ಧಣಿ ಹೇಳಿದ್ದ. ಬಾವಿಯಲ್ಲಿ ದೆವ್ವವಿದೆ ಎಂದು ನೀನೊಬ್ಬಳೇ ಹೇಳುತ್ತಿದ್ದೆ, ಆ ಹೊಲದ ಕೂಲಿಗೂ ಹೋಗುತ್ತಿರಲಿಲ್ಲ. ಆ ಮಾತು ಊರಿಗೆಲ್ಲ ಹಬ್ಬುವ ಮೊದಲೇ ಅಳಿಸಲೆಂದು ಅವನು ನಮ್ಮನ್ನು ಕರೆಸಿದ್ದ.

ನಿನ್ನ ಬಳಿ ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಹಳೆಯ ಕಾಮಿಕ್ಸ್‌ಗಳಿದ್ದವು — ಒಂದೊಂದರಲ್ಲೂ ನಾಲ್ಕಾರು ದೆವ್ವದ ಕಥೆಗಳು. ಮಣ್ಣಿನಿಂದ ಕೈಯೊಂದು ಮೇಲೇಳುವ ಚಿತ್ರದ ಮೇಲೆ ಬೆರಳಿಟ್ಟು ನೀನು ಅಂದೆ: “ಅಕ್ಕೋರ, ನಮ್ಮಪ್ಪ ಎಲ್ಲಿಗೂ ಹೋಗಿಲ್ರಿ. ಹಿಂಗ, ಆ ಬಾವ್ಯಾಗ ಅದಾನ್ರಿ.”

ನಾನು ಪುಸ್ತಕಗಳನ್ನು ಕಸಿದುಕೊಂಡೆ. ಹುಡುಗಿಯ ತಲೆ ಕೆಡಿಸಿದ್ದು ಇವೇ ಎಂದು ಎತ್ತಿ ತೋರಿಸಿದೆ. ಅರ್ಧಕ್ಕೇ ಬಿಟ್ಟ ಬಾವಿಯ ಅಂಚಿನಲ್ಲಿ ಕುಳಿತು, ಧಣಿ ತರಿಸಿದ ಮಂಡಕ್ಕಿ-ಮಿರ್ಚಿ ತಿಂದೆ. ಗುಂಪಿನಲ್ಲೊಬ್ಬ, “ಏ ಮಾರಕ್ಕ, ನಿಮ್ಮಪ್ಪಗೂ ಒಂದ್ ಮಿರ್ಚಿ ಒಗೀಲೇನು?” ಎಂದ. ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ನಕ್ಕೆ. ಆಮೇಲೆ ಧಣಿ ಬಾವಿಗೆ ಕಲ್ಲು ತುಂಬಿಸಿದ. ಯಾರೂ ಏಕೆಂದು ಕೇಳಲಿಲ್ಲ.

ಈ ವರ್ಷ ಕಪಾಟು ಖಾಲಿ ಮಾಡುವಾಗ ಆ ಪುಸ್ತಕಗಳು ಸಿಕ್ಕವು. ಒರಟು ಗೆರೆ, ಗೆರೆ ದಾಟಿ ಹರಡಿದ ಕೆಂಪು ಬಣ್ಣ. ನಗುತ್ತಲೇ ಓದಲು ಕುಳಿತೆ. ಮೂರನೆಯ ಕಥೆಗೆ ನಗು ನಿಂತಿತು. ಅಲ್ಲಿ ಸತ್ತವರು ಸುಮ್ಮನೆ ಏಳುವುದಿಲ್ಲ. ಕೊಂದವನು ನೆಮ್ಮದಿಯಿಂದ ಬದುಕಿರುವುದರಿಂದಲೇ ಏಳುತ್ತಾರೆ. ಕಸವೆಂದು ನಾನು ಜರೆದ ಪುಸ್ತಕ ಕೊಂದವರು ಯಾರೆಂದು ಕೇಳುತ್ತಿತ್ತು. ದೆವ್ವ ಇದೆಯೋ ಇಲ್ಲವೋ — ವಿಚಾರವಾದಿಯಾದ ನಾನು ಅಷ್ಟನ್ನೇ ಕೇಳಿದ್ದೆ.

ನಿನ್ನಪ್ಪನ ಜೊತೆ ಬಾವಿ ತೋಡಿದವನೊಬ್ಬನನ್ನು ಹುಡುಕಿ ಹೋದೆ. ಮಣ್ಣು ಕುಸಿಯಿತಂತೆ. ಒಳಗಿನಿಂದ ಕೂಗು ಕೇಳುತ್ತಿದ್ದರೂ ಪೊಲೀಸರ ಭಯಕ್ಕೆ ಧಣಿ ಮಣ್ಣು ತೆಗೆಯಲು ಬಿಡಲಿಲ್ಲವಂತೆ. ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಕೇಳಿದೆ. “ಓದಿದೋರು ನೀವು. ನೀವ ಬಂದು ಅಲ್ಲಿ ಏನೂ ಇಲ್ಲ ಅಂದಮ್ಯಾಲ, ನಾವೇನ್ ಹೇಳೋದ್ರಿ?”

ಧಣಿ ಕೊಂದ, ಊರು ಬಾಯಿ ಮುಚ್ಚಿಕೊಂಡಿತು, ನಾನು ಅದಕ್ಕೆ ವಿಚಾರವಾದದ ಮುದ್ರೆ ಒತ್ತಿದೆ. ಇದನ್ನು ಬರೆದರೆ ಮಂತ್ರವಾದಿಗಳಿಗೆ ಬಲ ಬರುತ್ತದೆ ಎನ್ನುತ್ತಾರೆ ನನ್ನ ಗೆಳೆಯರು. ಬರಲಿ. ನೊಂದವಳ ಮಾತಿಗೆ ಕಿವಿಗೊಡದ ಚಳವಳಿಗೆ ಪೆಟ್ಟು ಬೀಳಲೇಬೇಕು. ಮಾನನಷ್ಟದ ಕೇಸು ಹಾಕುತ್ತೇನೆಂದು ಧಣಿಯ ಮಗ ಹೇಳಿಕಳಿಸಿದ್ದಾನೆ. ಹಾಕಲಿ; ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ. ಪೊಲೀಸರಿಗೆ ಹೇಳಿಕೆ ಕೊಟ್ಟಾಗಿದೆ.

ತೆಲಿಗಿಯಲ್ಲಿ ನಿನ್ನ ಗಂಡನ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನೀನು ಅಳಲಿಲ್ಲ, ನನ್ನನ್ನು ಒಳಗೂ ಕರೆಯಲಿಲ್ಲ. “ನಿಮ್ ತಪ್ಪು ನಿಮ್ಮತ್ರಾನ ಇರ್ಲಿ, ಅಕ್ಕೋರ. ಮೊದ್ಲು ಬಾವಿ ತೆಗಸ್ರಿ” ಎಂದೆ.

ಕ್ಷಮೆ ಕೇಳುವುದಿಲ್ಲ, ಮಾರಕ್ಕ. ಆ ಬಾವಿಯ ಬಳಿಯೇ ಬಂದು ಕುಳಿತಿದ್ದೇನೆ; ಕಲ್ಲುಗಳನ್ನು ಎತ್ತುವವರೆಗೆ ಈ ಹೊಲ ಬಿಟ್ಟು ಕದಲುವುದೂ ಇಲ್ಲ.