ಹದ್ದಕ್ಕ ಬೈಸಿಕೊಂಡ ದಿನ

ಹದ್ದಕ್ಕ ತೀರಿಕೊಂಡು ಇವತ್ತಿಗೆ ಐದು ವಾರ. ಎದೆನೋವೆಂದು ಮಧ್ಯಾಹ್ನ ಆಸ್ಪತ್ರೆಗೆ ಹೋದವಳು ಸಂಜೆಗೆಲ್ಲ ಇಲ್ಲವಾದಳು. ನಮಗೆ ಮನೆಯ ಅಕ್ಕ ಮಾತ್ರ ಗೊತ್ತು, ಕೆಲಸದ ಅಕ್ಕನ ಬಗ್ಗೆ ನೀವೇ ಬರೆದುಕೊಡಿ ಎಂದು ಅವಳ ತಮ್ಮ ಕೇಳಿದ. ಬರೆಯಲು ಕೂತರೆ ಒಂದೇ ಒಂದು ಸಂಗತಿ ಮುಂದೆ ಬಂದು ನಿಲ್ಲುತ್ತದೆ. ಅದರಲ್ಲಿ ನನ್ನ ತಪ್ಪೂ ಇದೆ.

ನಾವಿಬ್ಬರೂ ದೊಡ್ಡ ಔಷಧ ಕಂಪನಿಯೊಂದರ ಪ್ಯಾಕಿಂಗ್ ಹಾಲ್‌ನಲ್ಲಿ ಇಪ್ಪತ್ತೈದು ವರ್ಷ ಜೊತೆಯಲ್ಲಿ ದುಡಿದವರು. ಯಂತ್ರದಿಂದ ಉದುರುವ ಮಾತ್ರೆಯ ಪಟ್ಟಿಗಳಲ್ಲಿ ಖಾಲಿ ಗುಳಿಯೋ ಒಡೆದ ಮಾತ್ರೆಯೋ ಮಸುಕಾದ ಅಚ್ಚೋ ಕಂಡರೆ ಎತ್ತಿ ಬದಿಗೆ ಹಾಕುವುದು ನಮ್ಮ ಕೆಲಸ. ನನ್ನ ಕಣ್ಣು ತಪ್ಪಿಸಿ ಹೋದದ್ದನ್ನು ಅವಳು ನಾಲ್ಕು ಮಾರು ದೂರದಲ್ಲಿ ಹಿಡಿಯುತ್ತಿದ್ದಳು. ಅದಕ್ಕೇ ಹದ್ದಕ್ಕ. ಹುಟ್ಟಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಹಾಲ್‌ನವರು ಇಟ್ಟ ಈ ಹೆಸರನ್ನು ನಾನು ಸನ್ನೆಯಲ್ಲಿ ತಿಳಿಸಿದಾಗ, ಹದ್ದು ಅಂದದ್ದು ಕಣ್ಣಿಗೋ ಮೂಗಿಗೋ ಎಂದು ಕೇಳಿದ್ದಳು.

ಕೈಭಾಷೆಯನ್ನು ನಾನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಊಟದ ಬಿಡುವಿನಲ್ಲಿ ಅವಳೇ ಕಲಿಸಿದಳು. ತಪ್ಪಾದರೆ ಮೊಣಕೈಗೆ ಚಮಚದ ಏಟು. ಎಲ್ಲರಿಗೂ ಅವಳು ಕೈಯಲ್ಲೇ ಒಂದೊಂದು ಹೆಸರಿಟ್ಟಿದ್ದಳು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರೆ ಅದು ನಾನು. ಹೊಟ್ಟೆಯ ಮೇಲೆ ಬಿಗಿಯಾದ ಗುಂಡಿಯನ್ನು ಉಸಿರು ಹಿಡಿದು ಹಾಕಿಕೊಂಡರೆ ಮ್ಯಾನೇಜರು. ಅವರ ಎದುರಿಗೇ ಅವರನ್ನು ಆಡಿಕೊಳ್ಳುವ ಭಾಗ್ಯ ನಮಗಿಬ್ಬರಿಗೆ ಮಾತ್ರ ಇತ್ತು.

ಕಂಪನಿಗೆ ಅವಳ ಮೇಲೆ ಅಕ್ಕರೆ ಇರಲಿಲ್ಲ ಎನ್ನಲಾರೆ. ಪ್ರತಿವರ್ಷ ಕ್ಯಾಲೆಂಡರಿಗೆಂದು ಅವಳ ಫೋಟೊ ತೆಗೆಯುತ್ತಿದ್ದರು. ಬಿಳಿ ಕೋಟು, ನಗುಮುಖ, ಕೆಳಗೆ ‘ಎಲ್ಲರಿಗೂ ಇಲ್ಲಿ ಜಾಗವಿದೆ’ ಎಂಬ ಸಾಲು. ಆದರೆ ಅವಳು ಕೆಲಸ ಕಲಿಸಿದ ನಾಲ್ವರು ಅವಳ ಕಣ್ಣೆದುರೇ ಸೂಪರ್‌ವೈಸರ್ ಆದರು, ಅವಳು ಕೂತಲ್ಲೇ ಕೂತಿದ್ದಳು. ಸೂಪರ್‌ವೈಸರ್ ಆದವರು ಫೋನ್ ಎತ್ತಬೇಕು ಎಂಬುದು ನಿಯಮ. ಅದನ್ನು ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹತ್ತೊಂಬತ್ತನೆಯ ವರ್ಷ ನಾವು ದುಡಿಯುತ್ತಿದ್ದ ಏಳನೇ ಯಂತ್ರದ ಸಾಲಿನ ಸೂಪರ್‌ವೈಸರ್ ನಿವೃತ್ತರಾದರು. ಆ ಹುದ್ದೆ ತನಗೆ ಬೇಕೆಂದು ಹದ್ದಕ್ಕ ಅರ್ಜಿ ಹಾಕಿದಳು. ಫೋಟೊಗ್ರಾಫರ್ ಬಂದಾಗ ಕೋಟು ತೊಡಲಿಲ್ಲ. ಮೊದಲು ಸಂದರ್ಶನ, ಫೋಟೊ ಆಮೇಲೆ ಎಂದು ಚೀಟಿ ಬರೆದುಕೊಟ್ಟಳು. ಅವಳ ತಾಯಿಗೆ ಜೀವವೇ ಹಾರಿದಂತಾಯಿತು. “ಇರೋ ಕೆಲ್ಸಾನೂ ಕಳ್ಕೊಂಡು ಮನೇಲಿ ಕೂರ್ತಾಳೆ. ನೀನಾದ್ರೂ ನೋಡ್ಕೊಳ್ಳಮ್ಮ” ಎಂದು ನನ್ನ ಕೈ ಹಿಡಿದುಕೊಂಡರು. ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ.

ಸಂದರ್ಶನದಲ್ಲಿ ಅವಳ ಮಾತು ದಾಟಿಸಲು ನಾನೇ ಹೋದೆ. ಅಷ್ಟು ದೊಡ್ಡ ಕಂಪನಿಯಲ್ಲಿ ಆ ಭಾಷೆ ಬಲ್ಲವರು ಬೇರೆ ಇರಲಿಲ್ಲ. ಯಂತ್ರದ ಶಬ್ದ ಬದಲಾದರೆ ಇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಮ್ಯಾನೇಜರು ನನ್ನ ಮುಖ ನೋಡಿಕೊಂಡು ಕೇಳಿದರು. ಹದ್ದಕ್ಕನ ಕೈ ಸರಸರ ಓಡಿತು:

“ಆ ಹಾಲ್‌ನಲ್ಲಿ ಎಲ್ರೂ ಕಿವಿಗೆ ಬಿರಡೆ ಹಾಕ್ಕೊಂಡೇ ನಿಂತಿರ್ತಾರೆ. ಅವರಿಗೇನು ಕೇಳ್ಸುತ್ತೆ ಅಂತ ಯಾವತ್ತಾದ್ರೂ ಕೇಳಿದೀರಾ? ನಾನು ಮೇಜಿನ ಮೇಲೆ ಅಂಗೈ ಇಟ್ರೆ ಯಂತ್ರ ಕೆಮ್ಮೋದು ಗೊತ್ತಾಗುತ್ತೆ.”

ನಾನು ಹೇಳಿದ್ದು: “ಎಲ್ರ ಸಹಾಯ ತಗೊಂಡು ನಿಧಾನಕ್ಕೆ ಕಲೀತಾರಂತೆ ಸರ್.”

ಒಳ್ಳೆಯದಾಗಲಿ ಎಂದೇ ಹೇಳಿದೆ. ಅಷ್ಟು ಖಾರ ಅವರಿಗೆ ಹಿಡಿಸದಿದ್ದರೆ ಎಂಬ ಅಂಜಿಕೆ. ಆದರೆ ನನ್ನ ತುಟಿಗಳನ್ನು ಓದಲು ಅವಳಿಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಎದ್ದವಳೇ ಹೊರಟುಹೋದಳು. ಮರುದಿನದಿಂದ ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಸಮಾಧಾನ ಹೇಳಲು ನಾನು ಕೈ ಎತ್ತಿದರೆ ಸಾಕು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದವಳಿಗೆ ಏನು ಹೇಳಲಿ?

ನಾಲ್ಕನೆಯ ದಿನ ಮ್ಯಾನೇಜರ ಕೋಣೆಗೆ ಹೋಗಿ, ಅವತ್ತು ಕೇಳಿದ್ದು ಅವಳ ಮಾತಲ್ಲ, ನನ್ನದು ಎಂದು ಒಪ್ಪಿಕೊಂಡೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಆದರೂ ಮತ್ತೊಮ್ಮೆ ಕರೆಯಲು ಒಪ್ಪಿದರು. ಈ ಸಲ ಕಂಪನಿಯ ಖರ್ಚಿನಲ್ಲೇ ಕೈಭಾಷೆಯಲ್ಲಿ ತರಬೇತಿ ಪಡೆದವರನ್ನು ಹೊರಗಿನಿಂದ ಕರೆಸೋಣ ಎಂದರು ಸಿಬ್ಬಂದಿ ವಿಭಾಗದ ಮೇಡಂ. ಹದ್ದಕ್ಕ ಚೀಟಿ ಕಳಿಸಿದಳು: ಅವರನ್ನು ಮುಂದಕ್ಕೆ ಕರೆಸಿ, ಇವತ್ತು ಇವಳೇ ಇರಲಿ, ಕೆಡಿಸಿದವಳೇ ಸರಿಮಾಡಲಿ.

ಮೇಡಂ ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಹಾಗಾಗಿ ಅವರೂ ಮ್ಯಾನೇಜರೂ ಹದ್ದಕ್ಕನನ್ನೇ ನೋಡಿ ಮಾತಾಡಬೇಕಾಯಿತು. ಅದೇ ಪ್ರಶ್ನೆ, ಅದೇ ಉತ್ತರ. ನಾನು ಅದನ್ನು ಇದ್ದದ್ದು ಇದ್ದ ಹಾಗೇ ಒಪ್ಪಿಸಿದೆ. ಮ್ಯಾನೇಜರು ಕುತ್ತಿಗೆಯಲ್ಲಿ ತೂಗುತ್ತಿದ್ದ ತಮ್ಮದೇ ಬಿರಡೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ನಿಮ್ಮಿಂದ ತಪ್ಪಾದರೆ ಏನು ಮಾಡೋಣ ಎಂದು ನೇರ ಅವಳನ್ನೇ ಕೇಳಿದರು.

“ನನ್ನ ತಪ್ಪಿಗೆ ನನಗೇ ಬೈರಿ. ಇವಳು ಅದಕ್ಕೆ ಸಕ್ಕರೆ ಬೆರೆಸದ ಹಾಗೆ ನೋಡ್ಕೊಳ್ಳಿ, ಅಷ್ಟೇ.”

ಅದನ್ನೂ ನಾನೇ ಹೇಳಬೇಕಾಯಿತು. ಮೇಡಂ ನಗು ತಡೆಯಲಾರದೆ ಕಡತದಲ್ಲಿ ಮುಖ ಮುಚ್ಚಿಕೊಂಡರು.

ಮೂರು ತಿಂಗಳ ಪರೀಕ್ಷೆಗೆಂದು ಹುದ್ದೆ ಕೊಟ್ಟರು. ಏಳನೇ ಸಾಲಿನಲ್ಲಿ ಫೋನ್ ತೆಗೆದು, ಉಗ್ರಾಣದ ಸಂದೇಶ ಅಕ್ಷರದಲ್ಲಿ ಮೂಡುವ ಪರದೆ, ಅದು ಬಂದಾಗ ಹೊತ್ತಿಕೊಳ್ಳಲು ಮೇಲೊಂದು ಹಳದಿ ದೀಪ ಹಾಕಿದರು. ತಿಂಗಳೊಳಗೆ ಬೇರೆ ಸಾಲಿನವರೂ ಅದನ್ನೇ ಕೇಳಿದರು. ಆ ಗದ್ದಲದಲ್ಲಿ ಫೋನ್ ಅವರಿಗೂ ಕೇಳಿಸುತ್ತಿರಲಿಲ್ಲವಂತೆ. ಇಷ್ಟು ವರ್ಷ ಹೇಳಿಕೊಳ್ಳಲು ನಾಚಿಕೆ.

ಮೂರನೆಯ ತಿಂಗಳು ಎಡವಿದಳು. ಹೊಸ ಬ್ಯಾಚ್ ಶುರುವಾಗುವಾಗ ತಾರೀಕಿನ ಅಚ್ಚು ಬದಲಾಗಿದೆಯೇ ಎಂದು ನೋಡಿ ಸಹಿ ಹಾಕಬೇಕು. ಅವತ್ತು ನನ್ನ ಜೊತೆ ಹರಟುತ್ತಾ ನೋಡದೆ ಸಹಿ ಹಾಕಿದಳು. ಹಳೆಯ ತಾರೀಕಿನಲ್ಲೇ ಯಂತ್ರ ಹನ್ನೊಂದು ನಿಮಿಷ ಓಡಿತು. ಅಷ್ಟೂ ಪಟ್ಟಿ ಕಸಕ್ಕೆ. ಹುದ್ದೆ ಹೋಯಿತು ಎಂದೇ ನಾನು ಅಂದುಕೊಂಡೆ.

ಮ್ಯಾನೇಜರು ಇಳಿದು ಬಂದರು. ಯಂತ್ರ ನಿಲ್ಲಿಸಿ, ತುಟಿ ಕಾಣಲೆಂದು ಮುಖಗವಸು ಇಳಿಸಿ, ಅವಳೆದುರು ನಿಂತರು. “ಕಣ್ಣೆಲ್ಲಿತ್ತು ನಿಮ್ದು? ಅಚ್ಚು ನೋಡಿ ಸಹಿ ಹಾಕ್ಬೇಕು ಅನ್ನೋದು ನಿನ್ನೆ ಸೇರಿದವರಿಗೂ ಗೊತ್ತು. ಇದು ಬೇಜವಾಬ್ದಾರಿ. ನಾಳೆ ಬೆಳಿಗ್ಗೆ ಬರಹದಲ್ಲಿ ಉತ್ತರ ಬೇಕು. ಇನ್ನೊಂದ್ಸಲ ಆದ್ರೆ ಸುಮ್ನಿರಲ್ಲ.”

ನಾನು ಒಂದು ಮಾತನ್ನೂ ಬಿಡದೆ ಸನ್ನೆಯಲ್ಲಿ ದಾಟಿಸಿದೆ. ‘ಬೇಜವಾಬ್ದಾರಿ’ಗೆ ಸನ್ನೆ ಗೊತ್ತಿಲ್ಲದೆ ರಟ್ಟಿನ ಮೇಲೆ ದಪ್ಪಗೆ ಬರೆದು ತೋರಿಸಿದೆ. ಅವಳು ಕಣ್ಣು ತಪ್ಪಿಸದೆ ಕೇಳಿಸಿಕೊಂಡಳು. ಕೇಳಿಸಿಕೊಂಡಳು ಎಂದೇ ಬರೆಯುತ್ತೇನೆ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳ ಮುಖ ನೋಡಿದರೆ ಕಣ್ಣು ಒದ್ದೆ, ತುಟಿಯಲ್ಲಿ ನಗು. ಹಿಂದೆಲ್ಲ ಅವಳು ತಪ್ಪು ಮಾಡಿದಾಗ ಮ್ಯಾನೇಜರು ಪಾಪ ಎಂಬಂತೆ ಭುಜ ತಟ್ಟಿ ಹೋಗುತ್ತಿದ್ದರಂತೆ. “ಇಷ್ಟು ವರ್ಷದಲ್ಲಿ ಅವರು ನನಗೆ ಬೈದದ್ದು ಇದೇ ಮೊದ್ಲು ಕಣೇ” ಎಂದಳು.

ಎರಡು ವಾರದಲ್ಲಿ ಹುದ್ದೆ ಕಾಯಂ ಆಯಿತು. ಆರು ವರ್ಷ ಏಳನೇ ಸಾಲನ್ನು ನಡೆಸಿದಳು. ಸ್ನೇಹಿತೆ ಎಂದು ನನಗೆ ರಿಯಾಯಿತಿ ಇರಲಿಲ್ಲ. ಮೂರು ಸಲ ಬರಹದಲ್ಲೇ ಎಚ್ಚರಿಕೆ ಕೊಟ್ಟಳು. ಎರಡನ್ನು ಒಪ್ಪುತ್ತೇನೆ. ಮೂರನೆಯದರಲ್ಲಿ ನನ್ನ ತಪ್ಪಿರಲಿಲ್ಲ. ಅದರ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿರಲಿಲ್ಲ.