ಶನಿವಾರದ ಐದನೆಯ ರಹಸ್ಯ

ಮೂವತ್ತು ವರ್ಷಕ್ಕೂ ಮೇಲೆ ಬಸ್ಸು ಓಡಿಸಿದವನು ನಾನು. ಸಾಗರದಿಂದ ಹೊಸನಗರ, ಅಲ್ಲಿಂದ ಹುಂಚದ ಮೇಲೆ ತೀರ್ಥಹಳ್ಳಿ, ಸಂಜೆಗೆ ಅದೇ ದಾರಿಯಲ್ಲಿ ವಾಪಸ್ಸು. ಯಾವ ತಿರುವಿಗೆ ಯಾವ ಗೇರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಆದರೆ ಜಪಸರ ಕೈಗೆ ಕೊಟ್ಟು, ‘ಪ್ರಾರ್ಥನೆ ಶುರು ಮಾಡು’ ಅಂದರೆ ಮಾತ್ರ ಅರವತ್ತರ ಹೊಸ್ತಿಲಿಗೆ ಬಂದರೂ ನನಗೆ ಬರುತ್ತಿರಲಿಲ್ಲ. ಹುಟ್ಟು ಕ್ರೈಸ್ತ, ಬಸ್ಸಿನ ಕನ್ನಡಿಗೆ ಜಪಸರ ಕಟ್ಟಿಕೊಂಡು ತಿರುಗುವವನು, ಆದರೂ ಬರುತ್ತಿರಲಿಲ್ಲ. ನಗುವವರು ನಗಬಹುದು.

ಕಾರಣ ಇಷ್ಟೇ. ನಮ್ಮವರ ಮನೆಗಳಲ್ಲಿ ಸಂಜೆ ಏಳಕ್ಕೆ ಇಗರ್ಜಿಯ ಗಂಟೆ ಹೊಡೆದ ಕೂಡಲೇ ಜಪಸರದ ಪ್ರಾರ್ಥನೆ ಶುರುವಾಗುತ್ತದೆ. ಒಬ್ಬರು ಮುಂದಾಳು. ಒಂದೊಂದು ಮಣಿಗೂ ‘ನಮೋ ಮರಿಯಾ’ ಎಂದು ಮೊದಲರ್ಧ ಅವರು ಹೇಳಬೇಕು, ಉಳಿದರ್ಧ ಮಿಕ್ಕವರು ಹೇಳಿ ಮುಗಿಸಬೇಕು. ಟ್ರಿಪ್ ಮುಗಿಸಿ ನಾನು ಮನೆ ಮುಟ್ಟುವುದೇ ಏಳೂಕಾಲಿಗೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ನನ್ನ ಹೆಂಡತಿ ಎರಡನೆಯ ಹತ್ತು ಮಣಿಯಲ್ಲಿರುತ್ತಿದ್ದಳು. ಹೊಸ್ತಿಲ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತಾ, ನಾನು ಉಳಿದರ್ಧಕ್ಕೆ ದನಿ ಸೇರಿಸುತ್ತಿದ್ದೆ. ಮಕ್ಕಳಿಲ್ಲದ ಮನೆ. ಅವಳು ಶುರು ಮಾಡುವುದು, ನಾನು ಮುಗಿಸುವುದು. ಮದುವೆಯಾದಾಗಿನಿಂದ ಹಾಗೇ ನಡೆದಿತ್ತು.

ಪ್ರಾರ್ಥನೆಗೆ ದಿನದ ಲೆಕ್ಕವೂ ಉಂಟು. ಯೇಸುವಿನ ಮತ್ತು ಅವನ ತಾಯಿಯ ಬದುಕಿನ ಐದೈದು ಘಟನೆಗಳನ್ನು ಒಂದೊಂದು ಗುಂಪು ಮಾಡಿದ್ದಾರೆ. ಅವಕ್ಕೆ ರಹಸ್ಯಗಳು ಎನ್ನುತ್ತೇವೆ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ ಬೆಳಕಿನವು. ಹತ್ತು ಮಣಿಗೊಂದು ಘಟನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈಗ ಹೇಗೆ ಪಟಪಟ ಹೇಳಿದೆ ನೋಡಿ! ಆಗ ಇದೊಂದೂ ನನ್ನ ತಲೆಯಲ್ಲಿ ಇರಲಿಲ್ಲ. ಅವಳು ಬ್ಲೌಸು ಹೊಲಿಯುತ್ತಿದ್ದಳು, ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಬೋಧನೆ ಮಾಡುತ್ತಿದ್ದಳು. ಮನೆಗೆ ಒಬ್ಬರಿಗೆ ಗೊತ್ತಿದ್ದರೆ ಸಾಕಲ್ಲ ಎಂದು ನಾನು ಆರಾಮಾಗಿದ್ದೆ.

ಕೊರೊನಾ ಬಂತು, ಬಸ್ಸು ನಿಂತಿತು, ಇಗರ್ಜಿಗೆ ಬೀಗ ಬಿತ್ತು. ಪೂಜೆ ಮೊಬೈಲಿನಲ್ಲಿ. ಅವಳು ಹೊಲಿಗೆ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಕ್ಕರೆ ಡಬ್ಬಕ್ಕೆ ಮೊಬೈಲು ಒರಗಿಸಿ, ಎರಡೂ ಕಡೆ ಮೇಣದ ಬತ್ತಿ ಹಚ್ಚುತ್ತಿದ್ದಳು. ಫಾದರ್ ರೊಟ್ಟಿಯನ್ನು ಎತ್ತಿ ಹಿಡಿಯುವ ಹೊತ್ತಿಗೇ ಸರಿಯಾಗಿ ಪರದೆಯ ಮೇಲೆ ಚಕ್ರ ತಿರುಗತೊಡಗುತ್ತಿತ್ತು. ನನಗೋ ನಗು.

“ನೆಟ್ ಹೋದ್ರೆ ದೇವ್ರೂ ಹೋದ್ರಾ?” ಅಂದೆ ಒಂದು ಸಲ.

“ಬಾಯಿ ಮುಚ್ಕೊಂಡು ಮೊಣಕಾಲೂರಿ” ಅಂದಳು, ತಿರುಗಿ ನೋಡದೆ.

ಆ ದಿನಗಳಲ್ಲಿ ನಾನು ಮೊದಲ ಸಲ ಪ್ರಾರ್ಥನೆಗೆ ಮೊದಲಿನಿಂದ ಕೂತೆ. ಅವಳಿಗೆ ಅದೊಂದು ದೊಡ್ಡ ಖುಷಿ. ಊರಿನ ಯಾರ ಮನೆಯಲ್ಲಿ ಕಾಯಿಲೆ ಎಂದು ಗೊತ್ತಾದರೂ ಹೆಸರು ಒಂದು ಚೀಟಿಯಲ್ಲಿ ಬರೆದು ಶಿಲುಬೆಯ ಕೆಳಗೆ ಸಿಕ್ಕಿಸುತ್ತಿದ್ದಳು. ಜಾತಿ ಗೀತಿ ನೋಡುತ್ತಿರಲಿಲ್ಲ. ಪಕ್ಕದ ಮನೆಯ ಅಮ್ಮನ ಅಳಿಯನ ಹೆಸರಿತ್ತು, ನಮ್ಮ ಬಸ್ಸಿನ ಕಂಡಕ್ಟರನದೂ ಇತ್ತು. “ನೀವೂ ಕಲ್ತುಕೊಳ್ರೀ, ಒಂದಿನ ನೀವು ಶುರು ಮಾಡಿ, ನಾನು ಮುಗಿಸ್ತೀನಿ” ಎಂದು ದಿನಾ ಗೋಗರೆಯುತ್ತಿದ್ದಳು. “ನೀನಿದ್ದೀಯಲ್ಲ ಮಾರಾಯ್ತಿ” ಎಂದು ನಾನು ಜಾರಿಕೊಳ್ಳುತ್ತಿದ್ದೆ. ಆ ಮಾತು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎರಡನೆಯ ಅಲೆ ಬಂದದ್ದು ಬೇಸಗೆಯಲ್ಲಿ. ಮೊದಲು ನನಗೆ ಜ್ವರ, ಮೂರು ದಿನಕ್ಕೆ ಇಳಿಯಿತು. ಆಮೇಲೆ ಅವಳಿಗೆ. ಅವಳದು ಇಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಆಂಬುಲೆನ್ಸು ಬಂತು, ಶಿವಮೊಗ್ಗಕ್ಕೆ ಒಯ್ಯುತ್ತೇವೆ ಅಂದರು. ನನಗೂ ಪಾಸಿಟಿವ್ ಇದ್ದದ್ದರಿಂದ ಗೇಟು ದಾಟುವ ಹಾಗಿಲ್ಲ. ಅಷ್ಟು ವರ್ಷ ಊರಿನವರನ್ನೆಲ್ಲ ಹತ್ತಿಸಿಕೊಂಡು ಹೋದ ನನಗೆ ಸ್ವಂತ ಹೆಂಡತಿಯ ಜೊತೆ ಕೂತು ಹೋಗಲು ಅಪ್ಪಣೆಯಿಲ್ಲ! ಕಿಟಕಿಯಿಂದಲೇ ಆ ಡ್ರೈವರಿಗೆ ಕೂಗಿದೆ: “ಆನಂದಪುರ ದಾಟಿದ್ಮೇಲೆ ಹಂಪ್ ಇದಾವೆ, ನಿಧಾನ ಮಾರಾಯ.” ಮುಖಕ್ಕೆಲ್ಲ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಅವನು ಕೈ ಎತ್ತಿದ. ಅವಳು ಮಾಸ್ಕಿನೊಳಗಿಂದ ಹೇಳಿದ್ದು ಒಂದೇ ಮಾತು: “ಸಂಜೆ ಪ್ರಾರ್ಥನೆ ತಪ್ಪಿಸ್ಬೇಡಿ. ಒಂದಿನಾನೂ.”

ಮೊದಲೆರಡು ಸಂಜೆ ಅವಳೇ ವಾರ್ಡಿನಿಂದ ಫೋನು ಮಾಡಿ ಶುರು ಮಾಡಿದಳು, ನಾನು ಇಲ್ಲಿಂದ ಮುಗಿಸಿದೆ. ಎರಡು ಮಣಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಆಗ ನನಗೆ ಮೊದಲ ಬಾರಿಗೆ ನನ್ನ ಪಾಲಿನ ಅರ್ಧದಲ್ಲಿ ಏನಿದೆ ಎಂದು ಕಿವಿಗೆ ಬಿತ್ತು. ಈಗಲೂ, ನಾವು ಸಾಯುವ ಹೊತ್ತಿನಲ್ಲೂ, ನಮಗಾಗಿ ಬೇಡಿಕೋ ಎಂದು ತಾಯಿಯನ್ನು ಕೇಳುವ ಮಾತು. ಬಸ್ಸಿಳಿದು ಬಂದು ಆಕಳಿಸುತ್ತಾ ಸಾವಿರಾರು ಸಲ ಹೇಳಿದ್ದೇನೆ. ಆಸ್ಪತ್ರೆಯಲ್ಲಿ ಮಲಗಿದವಳ ಕಿವಿಗೆ ಅದನ್ನು ಹೇಗೆ ಹೇಳುವುದು? ಅಲ್ಲಿಗೆ ಬಂದಾಗ ತೊದಲಿದೆ. “ಪೂರ್ತಿ ಹೇಳಿ, ನುಂಗ್ಬೇಡಿ” ಎಂದು ಅತ್ತಲಿಂದ ಗದರಿಸಿದಳು. ಪೂರ್ತಿ ಹೇಳಿದೆ.

ಮಂಗಳವಾರ ಆಕ್ಸಿಜನ್ ಹಾಕಿದರು. ಮಾತಾಡಬಾರದು ಅಂದರು. ಇನ್ನು ಶುರು ಮಾಡುವವನು ನಾನೇ. ಅವಳ ಪ್ರಾರ್ಥನೆ ಪುಸ್ತಕ ತೆಗೆದೆ, ನನ್ನ ಕನ್ನಡಕ ಸಾಲದೆ ಅವಳ ಕನ್ನಡಕ ಹಾಕಿಕೊಂಡೆ. ದಿನಾ ಅದೇ ದಾರಿಯಲ್ಲಿ ಬಂದ ಪ್ಯಾಸೆಂಜರನ್ನು ಎಬ್ಬಿಸಿ ಸ್ಟಿಯರಿಂಗ್ ಕೊಟ್ಟಂತಾಯಿತು. ಯಾವುದಾದ ಮೇಲೆ ಯಾವುದು, ಎಲ್ಲಿ ಎಷ್ಟು ಮಣಿ, ಎಲ್ಲಾ ಗೋಜಲು. ಒಂದು ಸಲ ಹದಿಮೂರು ಮಣಿ ಆಗಿಹೋಯಿತು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯಲ್ಲಿ ಫೋನು ಮಾಡಿದರೆ ಅವಳು ಮಾಸ್ಕು ಸರಿಸಿ ಕೇಳಿದ್ದು ಒಂದೇ: “ಮಾಡಿದ್ರಾ?” “ಮಾಡ್ದೆ” ಅಂದೆ. ಬುಧವಾರವೂ ಹಾಗೇ. ಅವಳು ಮತ್ತೇನೂ ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಡಾಕ್ಟರು ಫೋನಿನಲ್ಲಿ, ಶ್ವಾಸಕೋಶ ತುಂಬಾ ಹಾಳಾಗಿದೆ, ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ ಅಂದರು. ಒಳ್ಳೆಯ ದನಿಯಲ್ಲೇ ಹೇಳಿದರು. ನನ್ನ ಪಿತ್ತ ಕೆದರಿತು. ಊರಿನವರಿಗೆಲ್ಲ ಚೀಟಿ ಬರೆದು ಸಿಕ್ಕಿಸಿದವಳಿಗೆ ಇದೇನಾ? ಕಂಡಕ್ಟರು ಗುಣವಾಗಿ ಮನೆಗೆ ಬಂದಿದ್ದ, ಪಕ್ಕದ ಮನೆಯ ಅಳಿಯನೂ ಎದ್ದು ಓಡಾಡುತ್ತಿದ್ದ. ಇವಳ ಹೆಸರಿನ ಚೀಟಿ ನಾನೇ ನನ್ನ ಕೋಳಿಕಾಲು ಅಕ್ಷರದಲ್ಲಿ ಬರೆದಿಟ್ಟಿದ್ದೆ. ಏಳಕ್ಕೆ ಗಂಟೆ ಹೊಡೆಯಿತು. ಜಪಸರ ತೆಗೆದು ಮಿಷನ್ನಿನ ಮೇಲೆ ಒಗೆದೆ. “ನಿಂಗೆ ಕಿವಿ ಇದ್ಯಾ ಇಲ್ವಾ?” ಎಂದು ಶಿಲುಬೆಯನ್ನು ಕೇಳಿದೆ. ಅಷ್ಟು ಜೋರಾಗಿ ಕೇಳಿದೆನೆಂದರೆ, ಗೇಟಿನ ಹತ್ತಿರ ಗಂಜಿ ಇಡಲು ಬಂದಿದ್ದ ಪಕ್ಕದ ಮನೆಯ ಅಮ್ಮ ಹೆದರಿ, “ಯಾರ್ ಬಂದಾರೆ? ಯಾರ್ ಹತ್ರ ಜಗಳ?” ಎಂದು ಅಲ್ಲಿಂದಲೇ ಕೂಗಿದರು. “ಯಾರಿಲ್ಲಮ್ಮ” ಅಂದೆ. ಪ್ರಾರ್ಥನೆ ಮಾಡಲಿಲ್ಲ. ಗೋಡೆ ನೋಡುತ್ತಾ ಕೂತೆ.

ಎಂಟರ ಸುಮಾರಿಗೆ ಅವಳದೇ ಫೋನು.

“ಮಾಡಿದ್ರಾ?”

“ಹೂಂ. ಆಯ್ತು.”

“ಯಾವ್ದು ಇವತ್ತು?”

ಇದನ್ನು ಕೇಳುತ್ತಾಳೆಂದು ಯಾರಿಗೆ ಗೊತ್ತಿತ್ತು? ಬಾಯಿಗೆ ಬಂದದ್ದು ಹೇಳಿದೆ: “ದುಃಖದ್ದು.”

ಅವಳು ನಕ್ಕಳು. ಮಾಸ್ಕಿನೊಳಗೆ ಗೊರಗೊರ ಎನ್ನುವ ನಗು. “ಇವತ್ತು ಗುರುವಾರ ಕಣ್ರೀ. ಬೆಳಕಿಂದು. ಸುಳ್ಳ!” ಅಂದಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಹೌದು, ನಾನು ಸುಳ್ಳ, ತಪ್ಪಾಯ್ತು, ಮಾತಾಡ್ಬೇಡ ಎಂದು ನಾನು ಕೂಗುತ್ತಲೇ ಇದ್ದೆ. ಯಾರೋ ಫೋನು ತೆಗೆದುಕೊಂಡರು. ನರ್ಸು. “ಅವ್ರನ್ನ ಮಾತಾಡಿಸ್ಬೇಡಿ ಅಂಕಲ್, ಪ್ಲೀಸ್” ಎಂದು ಇಟ್ಟುಬಿಟ್ಟಳು. ನನ್ನ ಹೆಂಡತಿಯ ಹತ್ತಿರ ಇದ್ದದ್ದೇ ಅಷ್ಟು ಉಸಿರು. ಅದನ್ನು ನನ್ನ ಸುಳ್ಳು ಹಿಡಿಯಲು ಖರ್ಚು ಮಾಡಿದಳು.

ಆ ಕೂಡಲೇ ಬೆಳಕಿನ ರಹಸ್ಯ ತೆಗೆದು ಹೇಳಿದೆ. ಶುಕ್ರವಾರ ದುಃಖದ್ದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳಿದೆ. ತಪ್ಪು ಮಾಡಿದ ಹುಡುಗ ಮೇಷ್ಟರಿಗೆ ಬರೆದು ತೋರಿಸುವ ಹಾಗೆ, ಮಣಿ ಲೆಕ್ಕ ತಪ್ಪದಂತೆ ಹೇಳಿದೆ. ತೋರಿಸಲು ಫೋನು ಬರಲಿಲ್ಲ. ನಾನೇ ಮಾಡಿದೆ. ವೆಂಟಿಲೇಟರಿಗೆ ಹಾಕಿದ್ದೇವೆ, ಈಗ ಅವರಿಗೆ ಪ್ರಜ್ಞೆ ಇರುವುದಿಲ್ಲ ಅಂದರು. “ಪ್ರಾರ್ಥನೆ ಆಯ್ತು ಅಂತ ಒಂದ್ಮಾತು ಅವಳ ಕಿವೀಲಿ ಹೇಳ್ತೀರಾ?” ಎಂದು ಆ ನರ್ಸನ್ನು ಕೇಳಿದೆ. ಹೇಳ್ತೀನಿ ಅಂದಳು. ಹೇಳಿದಳೋ, ಇಲ್ಲವೋ. ಪಾಪ, ಅವಳಿಗೆ ನನ್ನಂಥವರು ಎಷ್ಟು ಜನವೋ.

ಶನಿವಾರ ಬೆಳಿಗ್ಗೆ ಗಂಜಿ ಬಿಸಿಮಾಡುತ್ತಿದ್ದೆ. ಫೋನು ಬಂತು. ಇಲ್ಲ ಅಂದರು.

ಕೊನೆಗಾಲದಲ್ಲಿ ಹಣೆಗೆ ಇಡುವ ಅಭ್ಯಂಗನದ ಎಣ್ಣೆ ಹಚ್ಚಲು ಫಾದರನ್ನು ವಾರ್ಡಿಗೆ ಬಿಟ್ಟಿರಲಿಲ್ಲ. ಪೂಜೆಯಲ್ಲಿ ಕೊಡುವ ರೊಟ್ಟಿ, ಪರಮಪ್ರಸಾದ, ಅವಳ ನಾಲಿಗೆಗೆ ಬೀಳದೆ ಎಷ್ಟೋ ತಿಂಗಳಾಗಿತ್ತು. ಮಧ್ಯಾಹ್ನ ಸಾಗರಕ್ಕೆ ತಂದರು. ನನಗೆ ಇನ್ನೂ ಐದು ದಿನ ಗೇಟು ದಾಟುವ ಹಾಗಿರಲಿಲ್ಲ. ಇಗರ್ಜಿಯ ನಾಲ್ಕು ಜನ ಯುವಕರು ಬಿಳಿ ಉಡುಪು ಹಾಕಿಕೊಂಡು ಗುಂಡಿಗೆ ಇಳಿಸಿದರು. ಫಾದರ್ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನನಗೆ ತೋರಿಸಿದರು. ಮುಖ ಕಾಣಲಿಲ್ಲ, ಜಿಪ್ ಹಾಕಿದ ಚೀಲ ಕಂಡಿತು. ಮಣ್ಣು ಹಾಕುವ ಹೊತ್ತಿಗೆ ಪರದೆಯ ಮೇಲೆ ಆ ಹಾಳು ಚಕ್ರ ತಿರುಗತೊಡಗಿತು. ನೆಟ್ ಬರುವಾಗ ಎಲ್ಲಾ ಮುಗಿದಿತ್ತು, ಯಾರದೋ ಗಂಬೂಟು ಕಾಣುತ್ತಿತ್ತು. ಮಿಷನ್ನಿನ ಎದುರು ನೆಲಕ್ಕೆ ಕೂತು ಬಾಯಿ ಬಿಟ್ಟು ಅತ್ತೆ. ಬಂದು ಹೆಗಲು ಹಿಡಿಯುವವರಿಲ್ಲ. ಪಕ್ಕದ ಮನೆಯ ಅಮ್ಮ ಗೇಟಿನಾಚೆ ನಿಂತು ಸೆರಗು ಬಾಯಿಗಿಟ್ಟುಕೊಂಡು ತಾವೂ ಅಳುತ್ತಿದ್ದರು.

ಏಳಕ್ಕೆ ಗಂಟೆ ಹೊಡೆಯಿತು. ಪುಸ್ತಕ ತೆಗೆದವನು ಅಲ್ಲೇ ನಿಂತೆ. ಶನಿವಾರ. ಸಂತೋಷದ ರಹಸ್ಯಗಳು. ಫಾದರಿಗೆ ಫೋನು ಮಾಡಿದೆ.

“ಇವತ್ತು ಸಂತೋಷದ್ದು ಬರತ್ತೆ ಫಾದರ್. ಹ್ಯಾಗ್ ಹೇಳ್ಲಿ?”

ಅವರು ಇನ್ನೂ ಚಿಕ್ಕ ಪ್ರಾಯದವರು, ಆ ವಾರ ಅವರು ಮಣ್ಣು ಮಾಡಿದ್ದು ಇವಳೊಬ್ಬಳನ್ನೇ ಅಲ್ಲ. “ಬದಲಾಯಿಸ್ಕೊಳ್ಳಿ. ದುಃಖದ್ದೇ ಹೇಳಿ. ದೇವ್ರು ಏನೂ ಅಂದ್ಕೊಳ್ಳಲ್ಲ” ಅಂದರು.

“ದೇವ್ರು ಅಂದ್ಕೊಳ್ಳಲ್ಲ ಫಾದರ್. ಇವಳು ಅಂದ್ಕೋತಾಳೆ” ಅಂದೆ.

ಸಂತೋಷದ್ದನ್ನೇ ಶುರು ಮಾಡಿದೆ. ದೂತ ಬಂದು ಮರಿಯಳಿಗೆ ಸುದ್ದಿ ಹೇಳಿದ್ದು, ಹತ್ತು ಮಣಿ. ಅವಳು ತನ್ನ ನೆಂಟರಾಕೆಯನ್ನು ನೋಡಲು ಬೆಟ್ಟದೂರಿಗೆ ಹೋದದ್ದು, ಹತ್ತು ಮಣಿ. ಮಗು ಹುಟ್ಟಿದ್ದು. ಮಗುವನ್ನು ದೇವಾಲಯಕ್ಕೆ ಒಯ್ದದ್ದು. ಮೊದಲರ್ಧವೂ ನನ್ನದೇ, ಉಳಿದರ್ಧವೂ ನನ್ನದೇ. ಸಾಯುವ ಹೊತ್ತಿನ ಮಾತನ್ನು ನುಂಗದೆ ಪೂರ್ತಿ ಹೇಳಿದೆ. ಐದನೆಯದಕ್ಕೆ ಬಂದೆ. ಜಾತ್ರೆಯಿಂದ ಮರಳುವಾಗ ತಪ್ಪಿಸಿಕೊಂಡ ಬಾಲಕ ಯೇಸುವನ್ನು ತಂದೆತಾಯಿ ಹುಡುಕಿಕೊಂಡು ಹೋಗಿ, ಮೂರನೆಯ ದಿನ ದೇವಾಲಯದಲ್ಲಿ ಕಂಡದ್ದು. ಕಳೆದುಹೋದವನು ಸಿಕ್ಕಿದ ಸಂತೋಷ. ಪುಸ್ತಕದಲ್ಲಿ ಅದೇ ಇತ್ತು. ನಾಲಿಗೆ ಏಳಲಿಲ್ಲ. ಕನ್ನಡಕ ಮಡಚಿಟ್ಟು ಎದ್ದೆ.

ಈಗ ಮತ್ತೆ ಬಸ್ಸು ಓಡಿಸುತ್ತಿದ್ದೇನೆ. ಅದೇ ಹೊಸನಗರ, ಅದೇ ತೀರ್ಥಹಳ್ಳಿ. ಹುಂಚದಲ್ಲಿ ಬಸದಿಗೆ ಹೋಗುವವರು ಇಳಿಯುತ್ತಾರೆ, ಜನ ಮಾಸ್ಕು ಮರೆತು ಎಷ್ಟೋ ಕಾಲವಾಯಿತು. ಏಳೂಕಾಲಿಗೆ ಬೀಗ ತೆಗೆದು ದೀಪ ಹಾಕಿ ಮೊದಲಿನಿಂದ ಶುರು ಮಾಡುತ್ತೇನೆ. ನಂಬಿಕೆ ಗಟ್ಟಿಯಾಯಿತಾ ಎಂದು ಇಗರ್ಜಿಯಲ್ಲಿ ಕೆಲವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಬೇಡಿಕೊಳ್ಳಲು ಏನೂ ಉಳಿದಿಲ್ಲ, ಆದರೂ ಒಂದು ದಿನವೂ ತಪ್ಪಿಸಿಲ್ಲ. ಯಾವ ವಾರ ಯಾವ ರಹಸ್ಯ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

ಸೋಮವಾರ ಸಂತೋಷದ ಐದನ್ನೂ ಹೇಗೋ ಮುಗಿಸುತ್ತೇನೆ. ಶನಿವಾರ ಮಾತ್ರ ನಾಲ್ಕೇ. ನಾಲ್ಕನೆಯದು ಮುಗಿಸಿ, ಜಪಸರ ಕೈಯಲ್ಲೇ ಹಿಡಿದು, ಸ್ವಲ್ಪ ಹೊತ್ತು ಕಾಯುತ್ತೇನೆ. ಫಾದರಿಗೆ ಇದು ಗೊತ್ತು. “ಹೀಗೆ ಅರ್ಧಕ್ಕೆ ಬಿಟ್ರೆ ನಿಮ್ಮನೆಯವ್ರು ಬೈಯಲ್ವಾ?” ಎಂದು ಒಮ್ಮೆ ಮೆಲ್ಲಗೆ ಕೇಳಿದರು. ಬೈಯಲಿ ಫಾದರ್, ಬೈಯಲಿ ಅಂತಲೇ ಬಿಟ್ಟಿದ್ದೇನೆ.